ಗುಳ್ಳವೋ, ಈರನಗೆರೆಯೋ, ಮುಳಗಾಯಿಯೋ? ಅಡುಗೆ ನೋಡಿ ಬದನೆ ಬೆಳೆಯುವ ಬಗೆ

ನರ್ಸರಿಗೆ ಹೋಗಿ ಬದನೆ ಸಸಿ ಕೇಳಿದರೆ ಸಾಮಾನ್ಯವಾಗಿ ಬರುವ ಪ್ರಶ್ನೆ ಒಂದೇ: "ಉದ್ದದ್ದೋ, ಗುಂಡಂದೋ?" ಆರಿಸಲು ಇಷ್ಟು ಸಾಲದು. ಉದ್ದದ್ದರಲ್ಲೇ ವಾಂಗಿಬಾತಿನಲ್ಲಿ ಹೋಳು ಹೋಳಾಗಿ ನಿಲ್ಲುವುದು ಬೇರೆ, ಹುಳಿಯಲ್ಲಿ ಕರಗಿ ಸಿಪ್ಪೆ ಮಾತ್ರ ತೇಲಿಸುವುದು ಬೇರೆ. ಗುಂಡಂದರಲ್ಲಿ ಕೆಂಡದ ಮೇಲೆ ಸುಡಲು ಲಾಯಕ್ಕಾದದ್ದು ಎಣ್ಣೆಗಾಯಿಗೆ ಹೊಂದುವುದಿಲ್ಲ. ಮನೆಯಲ್ಲಿ "ನನಗೆ ಬದನೆ ಬೇಡ" ಎಂದು ತಟ್ಟೆಯಂಚಿಗೆ ಸರಿಸುವವರು ಇದ್ದರೆ, ಬಹಳ ಸಲ ಅವರ ತಕರಾರು ಬದನೆಯ ಮೇಲಲ್ಲ, ತಪ್ಪು ಜಾತಿಯ ಅಥವಾ ಬಲಿತ ಕಾಯಿಯ ಮೇಲೆ. ಹಾಗಾಗಿ ಆಯ್ಕೆಯನ್ನು ತಟ್ಟೆಯಿಂದ ಶುರುಮಾಡಿ ಕುಂಡದ ಕಡೆಗೆ ಬರುವುದು ಒಳ್ಳೆಯದು. ಬೀಜದ ಪ್ಯಾಕೆಟ್ಟಿನ ಚಿತ್ರ ನೋಡಿ ಆರಿಸಿದರೆ ಅದು ಪುಸ್ತಕದ ಬದನೆಕಾಯಿಯೇ.

ಬೇಡ ಅನ್ನುವವರಿಗೆ ಏನು ಬೇಡ?

ಮೊದಲು ಇದನ್ನು ಕೇಳಿ ತಿಳಿದುಕೊಳ್ಳಿ. ಉತ್ತರ ಒಂದೇ ಇರುವುದಿಲ್ಲ.

"ಲೊಳಲೊಳ ಅನ್ನುತ್ತದೆ" ಅನ್ನುವವರಿಗೆ ತಿರುಳು ಗಟ್ಟಿಯಾಗಿರುವ, ಉದ್ದನೆಯ ಹಸಿರು ಬದನೆ ಬೇಕು. ಅದನ್ನು ಜೋರು ಉರಿಯಲ್ಲಿ ಬಾಡಿಸಬೇಕು, ಮುಚ್ಚಿ ಬೇಯಿಸಬಾರದು. "ಸಿಪ್ಪೆ ಬಾಯಿಗೆ ಸಿಗುತ್ತದೆ" ಅನ್ನುವವರಿಗೆ ಸುಟ್ಟು ಸಿಪ್ಪೆ ತೆಗೆಯುವ ಗೊಜ್ಜು, ಇಲ್ಲವೆ ಸಿಪ್ಪೆ ತೆಳ್ಳಗಿರುವ ಗುಳ್ಳ, ಅಂದರೆ ಕರಾವಳಿಯ ಗುಂಡು ಬದನೆ. "ಬೀಜ, ಕಹಿ" ಎಂಬ ದೂರಿಗೆ ಜಾತಿಗಿಂತ ಕೊಯ್ಲಿನ ದಿನ ಹೆಚ್ಚು ಕಾರಣ. ನಾಲ್ಕು ದಿನ ತಡವಾಗಿ ಕೊಯ್ದರೆ ಎಷ್ಟು ಒಳ್ಳೆಯ ತಳಿಯೂ ಕಹಿಯಾಗುತ್ತದೆ. ಮನೆಯಲ್ಲಿ ಬೆಳೆಯುವುದರ ದೊಡ್ಡ ಲಾಭ ಇದೇ. ಮಾರುಕಟ್ಟೆಯ ಕಾಯಿ ಎಂದು ಕೊಯ್ದದ್ದೋ ಗೊತ್ತಾಗದು, ನಿಮ್ಮ ಗಿಡದ್ದು ಗೊತ್ತು.

"ತಿಂದರೆ ನಾಲಿಗೆ ತುರಿಸುತ್ತದೆ" ಎಂಬುದು ನೆಪವಲ್ಲ. ಬದನೆಯಲ್ಲಿ ಹಿಸ್ಟಮಿನ್ ಇದೆ, ಕೆಲವರಿಗೆ ಅದು ತಾಗುತ್ತದೆ. ಅರೆಬೆಂದದ್ದು ಕೊಡಬೇಡಿ. ತುಟಿ ಊದಿಕೊಂಡರೆ, ಉಸಿರು ಕಟ್ಟಿದರೆ ಅದು ಅಲರ್ಜಿ. ಅವರಿಗೆ ಬದನೆ ಕಲಿಸುವ ಗೋಜಿಗೆ ಹೋಗದೆ ವೈದ್ಯರಿಗೆ ತೋರಿಸಿ.

ಮಟ್ಟು ಗುಳ್ಳ: ಕೊದ್ದೆಲಿಗೆ, ಬಜ್ಜಿಗೆ

ಕಟಪಾಡಿ ಬಳಿಯ ಮಟ್ಟು ಗ್ರಾಮದ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಸೋದೆ ಮಠದ ವಾದಿರಾಜರು ಬೀಜ ಕೊಟ್ಟರು ಎಂಬ ಐತಿಹ್ಯ ಊರಿನಲ್ಲಿ ಇಂದಿಗೂ ಜೀವಂತ. ಕಾಯಿ ದುಂಡಗೆ, ತಿಳಿ ಹಸಿರು, ಮೇಲೆ ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು. ಸಿಪ್ಪೆ ತೆಳು, ತಿರುಳು ಮೆತ್ತಗೆ. ಹುಳಿಯಲ್ಲಿ ಹಾಕಿದರೆ ಹೋಳಿನ ಆಕಾರ ಉಳಿಸಿಕೊಂಡೇ ಒಳಗೆ ಬೆಣ್ಣೆಯಾಗುತ್ತದೆ. ಕೆನ್ನೇರಳೆ ಬದನೆ ಹಾಕಿದ ಹುಳಿ ಕಂದು ತಿರುಗುತ್ತದೆ, ಏಕೆಂದರೆ ಸಿಪ್ಪೆಯ ಬಣ್ಣ ನೀರಿಗೆ ಇಳಿಯುತ್ತದೆ. ಗುಳ್ಳದಲ್ಲಿ ಆ ರಗಳೆ ಇಲ್ಲ.

ಬೆಳೆಯುವ ವಿಷಯಕ್ಕೆ ಬಂದರೆ ಗುಳ್ಳ ಸ್ವಲ್ಪ ಹಟಮಾರಿ. ಅದು ಮಳೆಗಾಲ ಮುಗಿದ ಮೇಲೆ, ಭತ್ತ ಕೊಯ್ದ ಗದ್ದೆಯ ಮರಳು ಮಿಶ್ರಿತ ಮಣ್ಣಿನಲ್ಲಿ, ಸಮುದ್ರದ ಗಾಳಿಗೆ ಬೆಳೆದದ್ದು. ಬೀಜ ತಂದು ಬೆಂಗಳೂರಿನ ತಾರಸಿಯಲ್ಲಿ ಹಾಕಿದರೆ ಗಿಡ ಬರುತ್ತದೆ, ಕಾಯಿಯೂ ಬಿಡುತ್ತದೆ. ರುಚಿ ಮಾತ್ರ ಮಟ್ಟುವಿನದೇ ಆಗಲಿ ಎಂದು ಪಟ್ಟು ಹಿಡಿಯಬೇಡಿ. ಅದನ್ನು "ಮಟ್ಟು ಗುಳ್ಳ" ಎಂದು ಮಾರುವಂತೆಯೂ ಇಲ್ಲ, ಆ ಹೆಸರು ಆ ಊರಿನ ಬೆಳೆಗಾರರದ್ದು. ಕುಂಡದಲ್ಲಿ ಹಾಕುವುದಾದರೆ ಮಣ್ಣಿನ ಮಿಶ್ರಣದಲ್ಲಿ ಕಾಲು ಭಾಗ ತೊಳೆದ ದಪ್ಪ ಮರಳು ಸೇರಿಸಿ, ಸೆಪ್ಟೆಂಬರ್ ಕೊನೆಗೆ ಬೀಜ ಹಾಕಿ. ಮಳೆಯಲ್ಲಿ ನೆನೆಯುವ ಜಾಗದಲ್ಲಿ ಜೂನಿನಲ್ಲಿ ಹಾಕಿದ ಗುಳ್ಳ ಬುಡ ಕೊಳೆತು ಹೋಗುವುದೇ ಹೆಚ್ಚು.

ಅಡುಗೆಗೆ: ಅರ್ಧ ಕೆಜಿ ಗುಳ್ಳವನ್ನು ಎಂಟೆಂಟು ಹೋಳು ಮಾಡಿ ನೀರಿಗೆ ಹಾಕಿಡಿ. ಕೊದ್ದೆಲು ಅಂದರೆ ಕರಾವಳಿಯ ಹುಳಿ. ಬೋಳು ಕೊದ್ದೆಲಿಗೆ ತೆಂಗಿನಕಾಯಿ ಬೇಡ: ಅರ್ಧ ಲೋಟ ಬೇಯಿಸಿದ ತೊಗರಿಬೇಳೆ, ಸೀಳಿದ 4 ಹಸಿಮೆಣಸು, ಉಪ್ಪು, ಚಿಕ್ಕ ತುಂಡು ಬೆಲ್ಲ. ಹೋಳು ಬೆಂದ ಮೇಲಷ್ಟೇ ಹುಣಸೆರಸ ಹಾಕಿ. ಮೊದಲೇ ಹಾಕಿದರೆ ಹುಳಿಗೆ ಹೋಳು ಬಿಗಿದು, ಎಷ್ಟು ಕುದಿಸಿದರೂ ನಡುವೆ ಗಟ್ಟಿ ಉಳಿಯುತ್ತದೆ. ಕೊನೆಗೆ ಬೆಳ್ಳುಳ್ಳಿ ಇಲ್ಲವೆ ಇಂಗಿನ ಒಗ್ಗರಣೆ, ತೆಂಗಿನೆಣ್ಣೆಯಲ್ಲೇ.

ಬಜ್ಜಿ ಅಂದರೆ ಕರಾವಳಿಯಲ್ಲಿ ಕರಿದ ತಿಂಡಿಯಲ್ಲ, ಸುಟ್ಟು ಹಿಚುಕಿದ ಗೊಜ್ಜು. ಕರಿದದ್ದು ಪೋಡಿ. ಬಯಲುಸೀಮೆಯ ನೆಂಟರು ಬಜ್ಜಿ ಎಂದು ಕಾದು ಕೂತು ಗೊಜ್ಜು ಸಿಕ್ಕಾಗ ಮುಖ ನೋಡುವುದು ಇದ್ದದ್ದೇ.

ಈರನಗೆರೆ ಬದನೆ: ವಾಂಗಿಬಾತಿಗೆ ಇದಕ್ಕಿಂತ ಬೇರೆ ಹುಡುಕಬೇಡಿ

ಮೈಸೂರಿನ ಈರನಗೆರೆಯ ಹೆಸರು ಹೊತ್ತ ಈ ಬದನೆ ಉದ್ದ, ತಿಳಿ ಹಸಿರು. ತಿರುಳು ಬಿಗಿಯಾಗಿದ್ದು ಬಾಡಿಸಿದಾಗ ಮುದ್ದೆಯಾಗದು. ಊರಿನ ಬೀಜ ಸಿಗದಿದ್ದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಶಿರೀಷ್ ತಳಿ ಹತ್ತಿರದ ಬಂಧು, ಅದನ್ನು ಈ ಸ್ಥಳೀಯ ಬದನೆಯಿಂದಲೇ ಆಯ್ದು ಮಾಡಿದ್ದು. ಅದೇ ಸಂಸ್ಥೆಯ ಅರ್ಕಾ ಕುಸುಮಕರ್ ಸಣ್ಣ ಹಸಿರು ಕಾಯಿಗಳನ್ನು ಗೊಂಚಲಾಗಿ ಬಿಡುತ್ತದೆ. ಇಬ್ಬರೇ ಇರುವ ಮನೆಗೆ ಅದು ಅನುಕೂಲ, ಏಕೆಂದರೆ ದಿನಕ್ಕೆ ನಾಲ್ಕು ಕಾಯಿ ಕೊಯ್ದರೆ ಸಾಕು, ಅರ್ಧ ಕತ್ತರಿಸಿದ ಬದನೆ ಉಳಿಯುವುದಿಲ್ಲ.

ತಾರಸಿಯಲ್ಲಿ ಮೊದಲ ಸಲ ಬದನೆ ಹಾಕುವವರಿಗೆ ನಮ್ಮ ಸಲಹೆ ಇದೇ ಹಸಿರು ಉದ್ದ. ಕಾಯಿ ಬೇಗ ಬರುತ್ತದೆ, ಎಳೆಯದಿದ್ದಾಗಲೂ ಅಡುಗೆಗೆ ಬರುತ್ತದೆ, ಪಲ್ಯಕ್ಕೂ ಹುಳಿಗೂ ತಕ್ಕಮಟ್ಟಿಗೆ ಹೊಂದಿಕೊಳ್ಳುತ್ತದೆ.

ವಾಂಗಿಬಾತಿಗೆ 200 ಗ್ರಾಂ ಅಕ್ಕಿಗೆ 300 ಗ್ರಾಂ ಬದನೆ. ಕಡಿಮೆ ಹಾಕಿದರೆ ಅದು ಮಸಾಲೆ ಅನ್ನ. ಬದನೆಯನ್ನು ಎರಡು ಇಂಚು ಉದ್ದಕ್ಕೆ, ಬೆರಳಿನ ದಪ್ಪಕ್ಕೆ ಸೀಳಿ ಉಪ್ಪುನೀರಿಗೆ ಹಾಕಿ: ಲೀಟರಿಗೆ ಒಂದು ಚಮಚ ಉಪ್ಪು ಸಾಕು. ಹೋಳು ಕಪ್ಪಾಗುವುದು ಕತ್ತರಿಸಿದ ತಿರುಳಿಗೆ ಗಾಳಿ ತಾಗಿ. ಕಬ್ಬಿಣದ ಈಳಿಗೆಯಲ್ಲಿ ಹೆಚ್ಚಿದರೆ ಇನ್ನೂ ಬೇಗ ಕಪ್ಪು. ಬಾಣಲೆಗೆ ನಾಲ್ಕು ದೊಡ್ಡ ಚಮಚ ಎಣ್ಣೆ, ಸಾಸಿವೆ, ಕಡಲೆಬೇಳೆ, ಕರಿಬೇವು. ಹೋಳನ್ನು ಹಿಂಡಿ ನೀರು ಬಸಿದು ಹಾಕಿ, ಜೋರು ಉರಿಯಲ್ಲಿ ಆರೇಳು ನಿಮಿಷ ಬಾಡಿಸಿ. ಮುಚ್ಚಳ ಬೇಡ. ಮುಚ್ಚಿದರೆ ಆವಿಗೆ ಮೆತ್ತಗಾಗಿ ಅನ್ನದೊಡನೆ ಕಲಸುವಾಗ ಪೇಸ್ಟ್ ಆಗುತ್ತದೆ. ಮುಕ್ಕಾಲು ಬೆಂದಾಗ ಅರ್ಧ ನಿಂಬೆಗಾತ್ರದ ಹುಣಸೆಯ ಗಟ್ಟಿ ರಸ, ಎರಡು ಚಮಚ ವಾಂಗಿಬಾತ್ ಪುಡಿ, ಉಪ್ಪು. ಇಲ್ಲಿ ಹುಣಸೆಯ ಬಿಗಿತ ನಮಗೆ ಬೇಕಾದದ್ದೇ, ಹೋಳು ನಿಲ್ಲುತ್ತದೆ. ಕೊದ್ದೆಲಿನಲ್ಲಿ ತಪ್ಪಾದದ್ದು ಇಲ್ಲಿ ಸರಿ. ಅನ್ನ ಉದುರಾಗಿ ಮಾಡಿ, ಹರಡಿ, ಆರಿದ ಮೇಲೆ ಕಲಸಿ. ಪುಡಿಯಲ್ಲಿ ಮರಾಠಿ ಮೊಗ್ಗು ಇಲ್ಲದಿದ್ದರೆ ವಾಂಗಿಬಾತಿನ ವಾಸನೆ ಬಾರದು. ಚಕ್ಕೆ ಲವಂಗ ಹೆಚ್ಚು ಹಾಕಿ ಅದನ್ನು ಸರಿದೂಗಿಸಲು ಹೋದರೆ ಪಲಾವಿನ ಹಾದಿ ಹಿಡಿಯುತ್ತದೆ.

ಮುಳಗಾಯಿ: ಎಣ್ಣೆಗಾಯಿಯ ಕಾಯಿ

ಉತ್ತರ ಕರ್ನಾಟಕದಲ್ಲಿ ಬದನೆಗೆ ಹೆಸರೇ ಮುಳಗಾಯಿ. ಕುಡಚಿ, ಮಲಾಪುರ, ರಬಕವಿ ಹೀಗೆ ಊರ ಹೆಸರಿನ ಸ್ಥಳೀಯ ತಳಿಗಳು ಆ ಭಾಗದಲ್ಲಿವೆ. ಮಹಾರಾಷ್ಟ್ರದ ಮಂಜರಿ ಗೋಟಾ, ಅಂದರೆ ನೇರಳೆಯ ಮೇಲೆ ಬಿಳಿ ಗೀರಿನ ಗುಂಡು ಬದನೆಯೂ ಬಳಕೆಯಲ್ಲಿದೆ. ಎಣ್ಣೆಗಾಯಿಗೆ ಬೇಕಾದದ್ದು ಕೋಳಿಮೊಟ್ಟೆಗಿಂತ ಚಿಕ್ಕ, 40 ರಿಂದ 50 ಗ್ರಾಂ ತೂಗುವ, ತೊಟ್ಟು ಹಸಿರಾಗಿರುವ ಕಾಯಿ. ಮುಳ್ಳು ಚುಚ್ಚಿದರೆ ಸಂತೋಷಪಡಿ: ಮುಳ್ಳು ಗಡುಸಾಗಿ, ತೊಟ್ಟು ತೇವವಾಗಿದ್ದರೆ ಕಾಯಿ ತಾಜಾ.

ಎಂಟು-ಹತ್ತು ಕಾಯಿಗೆ ತುಂಬುವ ಮಸಾಲೆ: ಹುರಿದ ಶೇಂಗಾ ಅರ್ಧ ಬಟ್ಟಲು, ಎಳ್ಳು ಅಥವಾ ಗುರೆಳ್ಳು ಎರಡು ಚಮಚ, ಒಣಕೊಬ್ಬರಿ ಕಾಲು ಬಟ್ಟಲು, ಹುರಿದ ಈರುಳ್ಳಿ ಒಂದು, ಬೆಳ್ಳುಳ್ಳಿ ಆರು ಎಸಳು, ಮಸಾಲೆ ಖಾರ ಒಂದೂವರೆ ಚಮಚ, ಹುಣಸೆ, ಬೆಲ್ಲ, ಉಪ್ಪು. ನೀರು ಸೋಕಿಸಿಯೂ ಸೋಕಿಸದ ಹಾಗೆ ರುಬ್ಬಿ. ಕಾಯಿಯನ್ನು ಬುಡದಿಂದ ತೊಟ್ಟಿನ ಕಡೆಗೆ ನಾಲ್ಕು ಸೀಳು ಮಾಡಿ, ತೊಟ್ಟಿಗೆ ಅರ್ಧ ಇಂಚು ಉಳಿಸಿ. ಸೀಳುವಾಗ ಒಳಗೆ ಇಣುಕಿ ನೋಡುವುದು ಕಡ್ಡಾಯ. ಹೊರಗೆ ಚುಕ್ಕೆಯಷ್ಟು ತೂತು ಕಂಡ ಕಾಯಿಯಲ್ಲಿ ಹುಳ ಇರಬಹುದು, ಒಂದು ತೂತೂ ಕಾಣದ ಕಾಯಿಯಲ್ಲೂ ಇರಬಹುದು, ಏಕೆಂದರೆ ಮರಿ ಹುಳ ಹೊಕ್ಕ ತೂತು ಕಾಯಿ ಬೆಳೆದಂತೆ ಮುಚ್ಚಿಹೋಗುತ್ತದೆ.

ಐದಾರು ದೊಡ್ಡ ಚಮಚ ಎಣ್ಣೆಯಲ್ಲಿ ಕಾಯಿಯನ್ನು ಸುತ್ತ ಬಣ್ಣ ಬರುವಷ್ಟು ಹೊರಳಿಸಿ, ಉಳಿದ ಮಸಾಲೆ ಮತ್ತು ಅರ್ಧ ಲೋಟ ಬಿಸಿನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 15 ರಿಂದ 20 ನಿಮಿಷ. ಎಣ್ಣೆ ಮೇಲೆ ತೇಲಿದರೆ ಆಯಿತು. ಕುಕ್ಕರಿಗೆ ಹಾಕಿದರೆ ತೊಟ್ಟು ಒಂದು ಕಡೆ, ತಿರುಳು ಒಂದು ಕಡೆ. ಎಣ್ಣೆ ಕಡಿಮೆ ಮಾಡಬೇಕೆಂದರೆ ಕಾಯಿಯನ್ನು ಮೊದಲೇ ಐದು ನಿಮಿಷ ಆವಿಯಲ್ಲಿ ಬೇಯಿಸಿ. ಬದನೆಯ ತಿರುಳು ಸ್ಪಂಜಿನಂತೆ ಗಾಳಿ ತುಂಬಿದ್ದು, ಆ ಗಾಳಿಗೂಡು ಕುಸಿದ ಮೇಲೆ ಅಷ್ಟು ಎಣ್ಣೆ ಕುಡಿಯದು. ಆದರೂ ಹೆಸರೇ ಎಣ್ಣೆಗಾಯಿ, ಎರಡು ಚಮಚದಲ್ಲಿ ಮಾಡಿದ್ದನ್ನು ಬೇರೆ ಏನಾದರೂ ಕರೆಯಿರಿ.

ಗಿಡದ ಲೆಕ್ಕದಲ್ಲಿ ಮುಳಗಾಯಿ ಜಾತಿಗಳು ಕುಂಡಕ್ಕೆ ಚೆನ್ನ. ಕಾಯಿ ಚಿಕ್ಕದಾದ್ದರಿಂದ ಕೊಂಬೆ ಮುರಿಯದು, ಆಸರೆ ಕೋಲು ಒಂದಿದ್ದರೆ ಸಾಕು. ಮುಳ್ಳು ಮಾತ್ರ ಎಲೆಯ ನರದಲ್ಲೂ ಇರುತ್ತದೆ. ಮಕ್ಕಳು ಓಡಾಡುವ ಬಾಲ್ಕನಿಗೆ ಬೇಡ.

ದೊಡ್ಡ ನೇರಳೆ ಗುಂಡು: ಸುಡಲು ಮಾತ್ರ

ಅರ್ಕಾ ನವನೀತದಂಥ ಹೈಬ್ರಿಡ್‌ಗಳ ಕಾಯಿ 350 ರಿಂದ 450 ಗ್ರಾಂ ತೂಗುತ್ತದೆ. ಸುಟ್ಟ ಗೊಜ್ಜಿಗೆ, ಭರ್ತಾಗೆ ಇದೇ ಸರಿ. ಕುಂಡದಲ್ಲಿ ಬೆಳೆದರೆ ಒಂದು ಸಲಕ್ಕೆ ಮೂರ್ನಾಲ್ಕು ಕಾಯಿಗಿಂತ ಹೆಚ್ಚು ಬಿಡಬೇಡಿ. ಚಿಕ್ಕ ಕುಂಡದಲ್ಲಿ ಇದನ್ನು ಹಾಕುವುದು ದುಡುಕು. ಅಮೆರಿಕ, ಯುರೋಪಿನಲ್ಲಿರುವವರಿಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುವುದೂ ಈ ದೊಡ್ಡ ಜಾತಿಯೇ. ಅದರಲ್ಲಿ ವಾಂಗಿಬಾತ್ ಮಾಡಿ ಕೈಸುಟ್ಟುಕೊಳ್ಳುವ ಬದಲು ಚೈನೀಸ್ ಅಥವಾ ಜಪಾನೀಸ್ ಉದ್ದ ಬದನೆ ಹುಡುಕಿ.

ಸುಡುವಾಗ ಫೋರ್ಕಿನಿಂದ ನಾಲ್ಕೈದು ಕಡೆ ಚುಚ್ಚಿ, ಇಲ್ಲದಿದ್ದರೆ ಒಳಗಿನ ಆವಿಗೆ ಸಿಡಿಯುತ್ತದೆ. ಎಣ್ಣೆ ಸವರಿ, ಗ್ಯಾಸಿನ ಮಧ್ಯಮ ಉರಿಯಲ್ಲಿ ತಿರುಗಿಸುತ್ತ 12 ರಿಂದ 15 ನಿಮಿಷ. ತೊಟ್ಟಿನ ಬುಡ ಒತ್ತಿದಾಗ ಕುಸಿಯಬೇಕು. ಎಲ್ಲ ಕಡೆ ಕರಿಯಾಗಿದ್ದರೂ ಅಲ್ಲಿ ಗಟ್ಟಿಯಿದ್ದರೆ ಬೆಂದಿಲ್ಲ. ಹತ್ತು ನಿಮಿಷ ಮುಚ್ಚಿಟ್ಟರೆ ಸಿಪ್ಪೆ ತಾನಾಗಿ ಬಿಡುತ್ತದೆ. ನಲ್ಲಿಯ ಕೆಳಗೆ ತೊಳೆಯಬೇಡಿ, ಹೊಗೆಯ ವಾಸನೆಯೇ ಅದರ ರುಚಿ, ನೀರಿಗೆ ಹೋದರೆ ಉಳಿಯುವುದು ಸಪ್ಪೆ ಮುದ್ದೆ.

ಬೀಜವೋ, ಸಸಿಯೋ, ಕಸಿ ಗಿಡವೋ

ಹೆಸರಿಲ್ಲದ ಸಸಿ ಕೊಂಡರೆ ಒಂದು ತಿಂಗಳ ಸಮಯ ಉಳಿಯುತ್ತದೆ, ಆದರೆ ಯಾವ ಜಾತಿ ಎಂಬುದು ಕಾಯಿ ಬಿಟ್ಟಾಗಲೇ ಗೊತ್ತಾಗುವುದು. ಅಡುಗೆ ನೋಡಿ ಆರಿಸುವವರು ಬೀಜದಿಂದಲೇ ಶುರು ಮಾಡಬೇಕು. ಟ್ರೇಯಲ್ಲಿ ಕೋಕೋಪಿಟ್ ಮತ್ತು ಎರೆಗೊಬ್ಬರ ಸಮಸಮ ತುಂಬಿ, ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಇಡಿ. ಬೆಚ್ಚಗಿದ್ದರೆ 6 ರಿಂದ 10 ದಿನದಲ್ಲಿ ಮೊಳಕೆ. ನಾಲ್ಕು ಜನರ ಮನೆಗೆ ಐದಾರು ಗಿಡ ಧಾರಾಳ, ಹತ್ತು-ಹನ್ನೆರಡು ಬೀಜ ಹಾಕಿ ಗಟ್ಟಿಮುಟ್ಟಾದವನ್ನು ಉಳಿಸಿ. 30 ರಿಂದ 35 ದಿನಕ್ಕೆ, ನಾಲ್ಕೈದು ಎಲೆ ಬಂದಾಗ ಸಂಜೆ ಹೊತ್ತು ನಾಟಿ. ಸಸಿ ಕಾಂಡ ನೂಲಿನಂತೆ ಸಣ್ಣಗೆ ಉದ್ದವಾಗಿದ್ದರೆ ಬಿಸಿಲು ಸಾಲದೆಂದು ಅರ್ಥ. ಮಣ್ಣಿನ ಮಟ್ಟದಲ್ಲೇ ಕಾಂಡ ಮೆತ್ತಗಾಗಿ ಬಾಗಿ ಬಿದ್ದರೆ ನೀರು ಹೆಚ್ಚಾಗಿದೆ.

ಹೈಬ್ರಿಡ್ ಮತ್ತು ನಾಟಿ ತಳಿಯ ನಡುವೆ ಆರಿಸುವುದಾದರೆ, ಬೀಜ ಉಳಿಸುವ ಆಸೆಯಿದ್ದವರು ನಾಟಿ ಹಿಡಿಯಲಿ. ಹೈಬ್ರಿಡ್ಡಿನ ಬೀಜ ಹಾಕಿದರೆ ಮುಂದಿನ ಪೀಳಿಗೆ ತರಹೇವಾರಿ. ಬಿಟಿ (ಕುಲಾಂತರಿ) ಬದನೆಯ ಬಗ್ಗೆ ಕೇಳುವವರಿಗೆ: 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದಕ್ಕೆ ತಡೆ ಹಾಕಿತು. ನಿಮ್ಮ ಅಂಗಡಿಯ ಪ್ಯಾಕೆಟ್ಟಿನಲ್ಲಿರುವುದು ಅದಲ್ಲ.

ಹಿತ್ತಲಿನ ಮಣ್ಣಿನಲ್ಲಿ ಹಿಂದೆ ಟೊಮೆಟೊ, ಬದನೆ ದಿಢೀರನೆ ಬಾಡಿ ಸತ್ತಿದ್ದರೆ ಎರಡೇ ದಾರಿ. ಒಂದು, ಸೊರಗು ರೋಗ ತಡೆಯುವ ಅರ್ಕಾ ಕೇಶವ್, ಅರ್ಕಾ ನಿಧಿ, ಅರ್ಕಾ ನೀಲಕಂಠ್ ತಳಿಗಳು ಅಥವಾ ಹಸಿರು ಉದ್ದ ಬೇಕಿದ್ದರೆ ಅರ್ಕಾ ಆನಂದ್ ಹೈಬ್ರಿಡ್. ಇನ್ನೊಂದು, ಬದನೆಯ ಕಾಡು ಬಂಧುವಾದ ಸುಂಡೆಯ ಬೇರಿನ ಮೇಲೆ ಕಟ್ಟಿದ ಕಸಿ ಗಿಡ. ಕಸಿ ಗಿಡಕ್ಕೆ ದುಡ್ಡು ಹೆಚ್ಚು, ಆದರೆ ಬಾಳಿಕೆಯೂ ಹೆಚ್ಚು. ಕಸಿಯ ಗಂಟು ಮಣ್ಣಿನ ಮೇಲೆಯೇ ಇರಲಿ, ಗಂಟಿನ ಕೆಳಗೆ ಬರುವ ಸುಂಡೆಯ ಚಿಗುರನ್ನು ಬಂದ ಹಾಗೆ ಚಿವುಟಿ. ಬಿಟ್ಟರೆ ಮೂರು ತಿಂಗಳಿಗೆ ನಿಮ್ಮಲ್ಲಿ ಸುಂಡೆಕಾಯಿ ಮರವಿರುತ್ತದೆ.

ಕುಂಡ, ಮಣ್ಣು, ಗೊಬ್ಬರ

ಸಣ್ಣ ಕಾಯಿಯ ಜಾತಿಗೆ 15 ಲೀಟರ್, ದೊಡ್ಡದಕ್ಕೆ 25 ಲೀಟರ್ ಕುಂಡ ಅಥವಾ ಗ್ರೋ ಬ್ಯಾಗ್, ಒಂದಕ್ಕೆ ಒಂದೇ ಗಿಡ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೋಕೋಪಿಟ್, ಕುಂಡಕ್ಕೆ ಎರಡು ಹಿಡಿ ಬೇವಿನ ಹಿಂಡಿ. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ ಎರಡಡಿ. ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಮೂರು ಗಂಟೆ ಬಿಸಿಲಿನ ಬಾಲ್ಕನಿಯಲ್ಲಿ ಎಲೆ ಬರುತ್ತದೆ, ಬದನೆ ಬಾರದು. ಅಲ್ಲಿ ಪುದೀನ ಹಾಕಿ.

ನಾಟಿಯಾಗಿ ಮೂರು ವಾರದ ನಂತರ, 15 ದಿನಕ್ಕೊಮ್ಮೆ ಎರಡು ಹಿಡಿ ಎರೆಗೊಬ್ಬರ. ಹೂ ಶುರುವಾದ ಮೇಲೆ ಕಡಲೆ ಹಿಂಡಿ ನೀರು: 100 ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಎರಡು ದಿನ ನೆನೆಸಿ, ಹತ್ತು ಪಾಲು ನೀರು ಬೆರೆಸಿ, ಗಿಡಕ್ಕೆ ಅರ್ಧ ಲೀಟರ್. ಇದು ವಾಸನೆ ಹೊಡೆಯುತ್ತದೆ, ಪಕ್ಕದ ಮನೆಯವರು ಬಟ್ಟೆ ಒಣಹಾಕುವ ಹೊತ್ತಿನಲ್ಲಿ ಬೇಡ. ಯೂರಿಯಾ ಅಥವಾ ಹಸಿ ಸಗಣಿ ಸುರಿದರೆ ಎಲೆ ಕಡುಹಸಿರಾಗಿ ಸೊಕ್ಕುತ್ತದೆ, ಕಾಯಿ ಕಡಿಮೆಯಾಗುತ್ತದೆ, ಜಿಗಿಹುಳು ಬರುತ್ತದೆ. ಒಣಗಿಸಿ ನೀರು ಹಾಕುವ, ಮತ್ತೆ ಒಣಗಿಸುವ ಅಭ್ಯಾಸದಿಂದ ಕಾಯಿ ಕಹಿಯಾಗಿ ಸಿಪ್ಪೆ ಗಡುಸಾಗುತ್ತದೆ. ಬೇಸಿಗೆಯಲ್ಲಿ ಕುಂಡಕ್ಕೆ ದಿನಕ್ಕೆ ಎರಡು ಲೀಟರಿನಷ್ಟು ಬೇಕಾಗಬಹುದು. ಒಣ ಎಲೆಯ ಹೊದಿಕೆ ಹಾಕಿದರೆ ಸಂಜೆಯ ನೀರು ಉಳಿಯುತ್ತದೆ.

ಹೂ ಉದುರಿದರೆ ಗಾಬರಿಯಾಗುವ ಮುಂಚೆ

ಹೂವನ್ನು ತಿರುಗಿಸಿ ನೋಡಿ. ನಡುವಿನ ಹಸಿರು ಶಲಾಕೆ ಹಳದಿ ಕೇಸರಗಳ ಗುಂಪನ್ನು ದಾಟಿ ಹೊರಗೆ ಚಾಚಿದ್ದರೆ ಅದು ಕಾಯಿ ಕಟ್ಟುವ ಹೂ. ಕೇಸರಗಳ ಒಳಗೇ ಹುದುಗಿದ್ದರೆ ಅದು ಉದುರುವುದೇ ಸರಿ, ಬದನೆ ಗಿಡದಲ್ಲಿ ಇಂಥವು ಇದ್ದೇ ಇರುತ್ತವೆ. ಉದ್ದ ಶಲಾಕೆಯ ಹೂವೂ ಉದುರುತ್ತಿದ್ದರೆ ಬಿಸಿಲು 35 ಡಿಗ್ರಿ ದಾಟಿದೆಯೇ, ನೀರು ತಪ್ಪಿದೆಯೇ ನೋಡಿ. ಎತ್ತರದ ಮಹಡಿಗೆ ದುಂಬಿ ಬಾರದಿದ್ದರೆ ಬೆಳಗ್ಗೆ ಹತ್ತರೊಳಗೆ ಹೂಗೊಂಚಲಿನ ಕಾಂಡವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಬದನೆಯ ಪರಾಗ ಕೇಸರದ ತುದಿಯ ಸಣ್ಣ ರಂಧ್ರದಿಂದ ಉದುರುವಂಥದ್ದು, ಅಲುಗಾಟ ಬೇಕು.

ಹುಳದ ಜೊತೆ ಲೆಕ್ಕಾಚಾರ

ಕುಡಿ ಮತ್ತು ಕಾಯಿ ಕೊರೆಯುವ ಹುಳು ಬದನೆಯ ಮುಖ್ಯ ಶತ್ರು, ಎಲ್ಲ ಜಾತಿಗೂ. ಇದರ ಪತಂಗ ಎಲೆಯ ಅಡಿಯಲ್ಲಿ ಮೊಟ್ಟೆ ಇಡುತ್ತದೆ, ಮರಿ ಹೊರಬಂದು ಸ್ವಲ್ಪ ಹೊತ್ತಿನಲ್ಲೇ ಕುಡಿಯೊಳಗೆ ಅಥವಾ ಕಾಯಿಯೊಳಗೆ ಹೊಗುತ್ತದೆ. ಒಳಗೆ ಹೋದ ಮೇಲೆ ಯಾವ ಸಿಂಪಡಣೆಯೂ ಮುಟ್ಟದು. ಆದ್ದರಿಂದ ಕೆಲಸ ಕಣ್ಣಿನದ್ದು. ಗಿಡಕ್ಕೆ ನೀರಿದ್ದೂ ಒಂದು ಕುಡಿ ಮಾತ್ರ ತಲೆ ಬಾಗಿಸಿದ್ದರೆ, ಬಾಡಿದ ಜಾಗಕ್ಕಿಂತ ಒಂದು ಇಂಚು ಕೆಳಗೆ ಕತ್ತರಿಸಿ, ಸೀಳಿ, ಗುಲಾಬಿ ಬಣ್ಣದ ಹುಳ ಸಿಕ್ಕಿತೇ ನೋಡಿ. ಸಿಗದಿದ್ದರೆ ಇನ್ನಷ್ಟು ಕೆಳಗೆ. ಕತ್ತರಿಸಿದ್ದನ್ನು ಕಾಂಪೋಸ್ಟಿಗೆ ಹಾಕಬೇಡಿ, ಸೋಪಿನ ನೀರಿನಲ್ಲಿ ಮುಳುಗಿಸಿ. ವಾರಕ್ಕೆ ಎರಡು ಸಲ ಇದನ್ನು ತಪ್ಪದೆ ಮಾಡಿದವರಿಗೆ ಕಾಯಿ ಸಿಗುತ್ತದೆ, ಭಾನುವಾರ ಮಾತ್ರ ಗಿಡ ನೋಡುವವರು ಹುಳದೊಂದಿಗೆ ಹಂಚಿಕೊಳ್ಳಬೇಕು. ಇದಕ್ಕೆ ಪೂರಕವಾಗಿ ಹತ್ತು ದಿನಕ್ಕೊಮ್ಮೆ, ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ ಮತ್ತು ಕೆಲವು ಹನಿ ದ್ರವ ಸೋಪು, ಸಂಜೆ, ಎಲೆಯ ಅಡಿಗೆ ತಾಗುವಂತೆ. ಐದಾರು ಗಿಡಕ್ಕೆ ಕೀಟ ತಡೆಯುವ ಬಲೆಯ ಪಂಜರ ಕಟ್ಟುವುದು ಖರ್ಚೆನಿಸಿದರೂ ಸರಿಯಾದ ಖರ್ಚು. ಆಗ ಹೂ ತಟ್ಟುವ ಕೆಲಸ ನಿಮ್ಮದೇ.

ಎಲೆ ಜಾಲರಿಯಂತಾದರೆ ಚುಕ್ಕೆ ದುಂಬಿಯ ಹಳದಿ ಮುಳ್ಳುಮರಿಗಳ ಕೆಲಸ, ಕೈಯಿಂದ ಆರಿಸಿ ತೆಗೆಯಿರಿ. ಎಲೆ ಕಂಚಿನ ಬಣ್ಣ ತಿರುಗಿ ಅಡಿಯಲ್ಲಿ ನವಿರಾದ ಬಲೆ ಕಂಡರೆ ನುಸಿ, ತಾರಸಿಯ ಬೇಸಿಗೆಯಲ್ಲಿ ಸಾಮಾನ್ಯ, ಎಲೆಯ ಅಡಿಗೆ ಎರಡು ದಿನಕ್ಕೊಮ್ಮೆ ರಭಸದಿಂದ ನೀರು ಹೊಡೆಯಿರಿ. ಗಿಡ ಪೊದೆಯಾಗಿ ಎಲೆ ಉಗುರಿನಷ್ಟು ಚಿಕ್ಕದಾಗಿ ಹೂವೇ ಬಾರದಿದ್ದರೆ ಅದು ಸಣ್ಣ ಎಲೆ ರೋಗ. ಅದಕ್ಕೆ ಮದ್ದಿಲ್ಲ, ಕಿತ್ತು ಹಾಕಿ, ಮರುಕ ಬೇಡ, ಜಿಗಿಹುಳು ಅದನ್ನು ಪಕ್ಕದ ಗಿಡಕ್ಕೆ ಹರಡುತ್ತದೆ.

ಇಡೀ ಗಿಡ ಹಸಿರಿದ್ದಂತೆಯೇ ಒಂದೆರಡು ದಿನದಲ್ಲಿ ಜೋತುಬಿದ್ದರೆ ಕಾಂಡದ ಬುಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ನೇತುಹಾಕಿ. ಕೆಲವು ನಿಮಿಷದಲ್ಲಿ ಹಾಲಿನ ಎಳೆಯಂತೆ ಇಳಿದರೆ ಬ್ಯಾಕ್ಟೀರಿಯಾ ಸೊರಗು ಖಚಿತ. ಆ ಕುಂಡದ ಮಣ್ಣಿಗೆ ಬದನೆ, ಟೊಮೆಟೊ, ಮೆಣಸು, ಆಲೂಗಡ್ಡೆ ಯಾವುದನ್ನೂ ಹಾಕಬೇಡಿ. ಎಳೆ ಕಾಣದಿದ್ದರೆ ಬೇರು ನೋಡಿ, ಗಂಟುಗಳಿದ್ದರೆ ಜಂತುಹುಳು, ಕೊಳೆತಿದ್ದರೆ ನಿಮ್ಮ ನೀರು.

ಕೊಯ್ಲು ಮತ್ತು ಫ್ರಿಜ್

ನಾಟಿಯಾಗಿ ಸುಮಾರು ಎರಡು ತಿಂಗಳಿಗೆ ಮೊದಲ ಕಾಯಿ. ಹೆಬ್ಬೆರಳಿನಿಂದ ಒತ್ತಿ: ಗುಳಿ ಬಿದ್ದು ಕೂಡಲೇ ಮೇಲೆದ್ದರೆ ಇಂದೇ ಕೊಯ್ಯಿರಿ. ಒತ್ತಲೇ ಆಗದಷ್ಟು ಗಟ್ಟಿಯಿದ್ದರೆ ಇನ್ನೂ ಎಳೆಯದು, ಬಿದ್ದ ಗುಳಿ ಹಾಗೇ ಉಳಿದರೆ ಬಲಿತಿದೆ. ಹೊಳಪು ಮಾಸಿದ್ದೂ ಬಲಿತ ಗುರುತೇ. ಕೈಯಿಂದ ಜಗ್ಗಿದರೆ ಕೊಂಬೆ ಸಿಗಿಯುತ್ತದೆ, ಕತ್ತರಿಯಿಂದ ತೊಟ್ಟಿನೊಂದಿಗೆ ಕತ್ತರಿಸಿ.

ಬದನೆಗೆ ಫ್ರಿಜ್ಜಿನ ಚಳಿ ಆಗದು. ಹತ್ತು ಡಿಗ್ರಿಗಿಂತ ತಂಪಿನಲ್ಲಿ ಕೆಲವು ದಿನ ಇದ್ದರೆ ಸಿಪ್ಪೆಯಲ್ಲಿ ಗುಳಿ ಬಿದ್ದು ಬೀಜ, ತಿರುಳು ಕಂದಾಗುತ್ತದೆ. ಹೊರಗೆ ತಂಪಾದ ಮೂಲೆಯಲ್ಲಿ ಒದ್ದೆ ಬಟ್ಟೆ ಸುತ್ತಿಟ್ಟರೆ ಎರಡು ದಿನ ಚೆನ್ನ. ಗಿಡದಲ್ಲೇ ಇರಲಿ ಎಂದು ಬಿಟ್ಟರೆ ಬಲಿಯುತ್ತದೆ, ಹೊಸ ಹೂವೂ ನಿಲ್ಲುತ್ತದೆ. ಹೆಚ್ಚಾದದ್ದನ್ನು ಹಂಚಿಬಿಡಿ.

ಹೊಸದಾಗಿ ತಿನ್ನುವವರಿಗೆ ಯಾವುದು ಮೊದಲು

ಗೊಜ್ಜಿನಿಂದ ಶುರು ಮಾಡಬೇಡಿ, ಅದು ಬದನೆ ಒಗ್ಗಿದವರ ಅಡುಗೆ. ಮೊದಲು ಗರಿಗರಿ: ಉದ್ದ ಹಸಿರು ಅಥವಾ ಗುಳ್ಳವನ್ನು ಕಾಲು ಇಂಚಿನ ಬಿಲ್ಲೆ ಮಾಡಿ, ಉಪ್ಪು ಸವರಿ 20 ನಿಮಿಷ ಬಿಟ್ಟು, ಬಿಟ್ಟ ನೀರು ಒರೆಸಿ, ಖಾರದಪುಡಿ, ಅರಿಶಿನ, ಇಂಗಿನ ಪೇಸ್ಟ್ ಹಚ್ಚಿ, ಸಣ್ಣ ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಒಂದೊಂದು ಬದಿ ನಾಲ್ಕು ನಿಮಿಷ. ಉಪ್ಪು ಹಚ್ಚಿದ್ದನ್ನು ಒರೆಸದೆ ರವೆಗೆ ಹಾಕಿದರೆ ಮೆತ್ತಗಾಗುತ್ತದೆ. ಅನ್ನ ಸಾರಿನ ಪಕ್ಕ ಇದನ್ನು ಬೇಡ ಅನ್ನುವ ಮಕ್ಕಳು ಕಡಿಮೆ. ಆಮೇಲೆ ವಾಂಗಿಬಾತ್, ಅಲ್ಲಿ ಹೋಳು ಕಾಣುತ್ತದೆ, ಆದರೆ ಪುಡಿಯ ರುಚಿ ಕೈಹಿಡಿಯುತ್ತದೆ. ನಂತರ ಜೋಳದ ರೊಟ್ಟಿಯೊಡನೆ ಎಣ್ಣೆಗಾಯಿ. ಮೆತ್ತನೆಯ ತಿರುಳು ಅಲ್ಲಿ ಮೊದಲ ಸಲ ಬಾಯಿಗೆ ಬರುತ್ತದೆ, ಶೇಂಗಾದ ತರಿ ಜೊತೆಗಿರುವುದರಿಂದ ಲೊಳಕೆನಿಸದು. ಅದು ಒಗ್ಗಿದ ಮೇಲೆ ಕೊದ್ದೆಲು, ಕೊನೆಗೆ ಸುಟ್ಟ ಗೊಜ್ಜು.

ಹಾಗಾಗಿ ಬದನೆ ಸೇರದವರಿರುವ ಮನೆಯಲ್ಲಿ ಮೊದಲ ವರ್ಷ ಐದು ಕುಂಡಗಳಿದ್ದರೆ ಮೂರರಲ್ಲಿ ಹಸಿರು ಉದ್ದ, ಎರಡರಲ್ಲಿ ಮುಳಗಾಯಿ. ದೊಡ್ಡ ನೇರಳೆ ಮುಂದಿನ ವರ್ಷಕ್ಕಿರಲಿ.

ಕಾಯಿ ಕಡಿಮೆಯಾದ ಗಿಡವನ್ನು ಕೀಳಬೇಡಿ. ನೆಲದಿಂದ ಒಂದಡಿ ಬಿಟ್ಟು ಸವರಿ, ಎರೆಗೊಬ್ಬರ ಕೊಟ್ಟರೆ ಕುಳೆ ಚಿಗುರಿ ಒಂದೂವರೆ-ಎರಡು ತಿಂಗಳಿಗೆ ಮತ್ತೆ ಕಾಯಿ. ಬೀಜ ಬೇಕಿದ್ದರೆ ಒಳ್ಳೆಯ ನಾಟಿ ಗಿಡದ ಒಂದು ಹೂಮೊಗ್ಗಿಗೆ ಅರಳುವ ಮುಂಚೆ ತೆಳು ಬಟ್ಟೆಯ ಚೀಲ ಕಟ್ಟಿ, ಬೆಳಗ್ಗೆ ಚೀಲದ ಮೇಲಿನಿಂದಲೇ ತಟ್ಟಿ. ಕಟ್ಟದಿದ್ದರೆ ಪಕ್ಕದ ಕುಂಡದ ಜಾತಿಯೊಂದಿಗೆ ಬೆರೆಯಬಹುದು. ಕಾಯಿ ಕಟ್ಟಿದ ಮೇಲೆ ದಾರ ಸುತ್ತಿ ಗುರುತು ಮಾಡಿ, ಹಳದಿಯಾಗಿ ಮೆತ್ತಗಾಗುವವರೆಗೆ ಗಿಡದಲ್ಲೇ ಬಿಡಿ. ಆಮೇಲೆ ನೀರಿನಲ್ಲಿ ಹಿಚುಕಿ, ತಳಕ್ಕೆ ಕೂತ ಬೀಜವನ್ನು ಮಾತ್ರ ತೆಗೆದು ನೆರಳಲ್ಲಿ ಒಣಗಿಸಿ, ಕಾಗದದ ಪೊಟ್ಟಣದ ಮೇಲೆ ಜಾತಿ ಮತ್ತು ತಿಂಗಳು ಬರೆದಿಡಿ. ತೇಲಿದ ಬೀಜ ಜೊಳ್ಳು.